ಮತ್ತೆ ಮತ್ತೆ ಕಾಡುವ ಉರಿಮೂತ್ರ: ಹಳೆಯ ಮಾತ್ರೆ ಬೇಡ, ಪರೀಕ್ಷೆ ಬೇಕು

ಮೂತ್ರ ಮಾಡುವಾಗ ಉರಿ, ಪದೇ ಪದೇ ಹೋಗಬೇಕೆನಿಸುವುದು, ಕೆಳಹೊಟ್ಟೆ ನೋವು. ಇದನ್ನು ನಮ್ಮ ಮನೆಗಳಲ್ಲಿ "ಉಷ್ಣವಾಗಿದೆ" ಎಂದು ಎಳನೀರು, ಜೀರಿಗೆ ನೀರು ಕೊಟ್ಟು ಸುಮ್ಮನಾಗುತ್ತಾರೆ. ಹೆಣ್ಣುಮಕ್ಕಳು ಸಂಕೋಚದಿಂದ ಹೇಳುವುದೇ ಇಲ್ಲ. ಆದರೆ ಇದು ಹೆಚ್ಚಾಗಿ ಮೂತ್ರನಾಳದ ಸೋಂಕು. 6 ತಿಂಗಳಲ್ಲಿ 2 ಬಾರಿ ಅಥವಾ ವರ್ಷದಲ್ಲಿ 3 ಬಾರಿ ಬಂದರೆ ವೈದ್ಯರು ಅದನ್ನು ಮರುಕಳಿಸುವ ಸೋಂಕು ಎನ್ನುತ್ತಾರೆ.

ಕಾರಣವೇನು?

ಕರುಳಿನಲ್ಲಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಮೂತ್ರನಾಳ ಸೇರುವುದೇ ಮುಖ್ಯ ಕಾರಣ. ಸ್ತ್ರೀಯರ ಮೂತ್ರನಾಳ ಚಿಕ್ಕದಾದ್ದರಿಂದ ಅವರಿಗೇ ಹೆಚ್ಚು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆಯಾಗಿ ತೊಂದರೆ ಹೆಚ್ಚುತ್ತದೆ. ಸಕ್ಕರೆ ಕಾಯಿಲೆ, ಮೂತ್ರಕೋಶದ ಕಲ್ಲು, ಗಂಡಸರಲ್ಲಿ ಪ್ರಾಸ್ಟೇಟ್ ಊತವೂ ಕಾರಣವಾಗಬಹುದು.

ಮೊದಲು ಕಲ್ಚರ್ ಪರೀಕ್ಷೆ

ಹಿಂದಿನ ಸಲ ಉಳಿದ ಆಂಟಿಬಯಾಟಿಕ್ ಮಾತ್ರೆ ನುಂಗುವುದು ದೊಡ್ಡ ತಪ್ಪು. ಎರಡು ದಿನ ಉರಿ ನಿಂತಂತೆ ಕಂಡರೂ, ಆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಉಳಿದು ಬೆಳೆಯಬಹುದು. ಆದ್ದರಿಂದ ಮಾತ್ರೆ ಶುರು ಮಾಡುವ ಮೊದಲೇ ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಬೇಕು. ಆರಂಭದ ಮೂತ್ರ ಬಿಟ್ಟು, ನಡುವಿನದನ್ನು ಶುದ್ಧ ಬಾಟಲಿಯಲ್ಲಿ ಹಿಡಿಯಬೇಕು. ಎರಡು-ಮೂರು ದಿನದಲ್ಲಿ ಯಾವ ಔಷಧಿ ಕೆಲಸ ಮಾಡುತ್ತದೆಂದು ತಿಳಿಯುತ್ತದೆ. ವೈದ್ಯರು ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಬೇಕು. ಮುಟ್ಟು ನಿಂತವರಿಗೆ ಈಸ್ಟ್ರೋಜನ್ ಕ್ರೀಮ್ ನೆರವಾಗುತ್ತದೆ. ಇದನ್ನು ವೈದ್ಯರಲ್ಲಿ ಕೇಳಲು ನಾಚಿಕೆ ಬೇಡ.

ನೀರು ಮತ್ತು ವ್ರತ

2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಡಿಮೆ ನೀರು ಕುಡಿಯುತ್ತಿದ್ದ ಮಹಿಳೆಯರು ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ಕುಡಿದಾಗ ವರ್ಷದ ಸೋಂಕುಗಳು ಸುಮಾರು ಅರ್ಧಕ್ಕೆ ಇಳಿದವು. ಸೂರ್ಯಾಸ್ತದ ನಂತರ ನೀರನ್ನೂ ತ್ಯಜಿಸುವ ಶ್ರಾವಕ-ಶ್ರಾವಿಕೆಯರು ಇದನ್ನು ಗಮನಿಸಬೇಕು. ನಿಯಮ ಬಿಡಬೇಕಿಲ್ಲ, ಕಾಯಿಸಿ ಆರಿಸಿದ ನೀರನ್ನು ಬೆಳಗಿನಿಂದಲೇ ಗಂಟೆಗೊಂದು ಲೋಟದಂತೆ ಕುಡಿದು, ಸಂಜೆಯೊಳಗೆ ದಿನದ ಪಾಲು ಮುಗಿಸಬಹುದು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ವೈದ್ಯರು ಹೇಳಿದ ಅಳತೆ ಮೀರಬಾರದು.

ಸೋಂಕು ಇರುವಾಗ ನಿರ್ಜಲ ಉಪವಾಸ ಹಿಡಿಯುವುದು ಅಪಾಯ. ಪದೇ ಪದೇ ಸೋಂಕು ಬರುವವರು ದಶಲಕ್ಷಣ ಪರ್ವಕ್ಕೆ ಮೊದಲೇ ವೈದ್ಯರನ್ನು ಕೇಳಿ, ಶಕ್ತಿಗೆ ತಕ್ಕ ವ್ರತ ಸ್ವೀಕರಿಸುವುದು ಒಳ್ಳೆಯದು. ತೀರ್ಥಯಾತ್ರೆಯ ಬಸ್ಸಿನಲ್ಲಿ ಶೌಚಾಲಯ ಸಿಗದೆಂದು ನೀರು ಬಿಡುವುದು, ಮೂತ್ರ ತಡೆಯುವುದು ಸಲ್ಲದು. ಯಾತ್ರೆ ಏರ್ಪಡಿಸುವವರು ಎರಡು-ಮೂರು ಗಂಟೆಗೊಮ್ಮೆ ಬಸ್ಸು ನಿಲ್ಲಿಸಬೇಕು.

ಶೌಚದ ನಂತರ ಮುಂದಿನಿಂದ ಹಿಂದಕ್ಕೆ ಶುಚಿ ಮಾಡುವುದು, ದಾಂಪತ್ಯ ಸಂಪರ್ಕದ ನಂತರ ಮೂತ್ರ ವಿಸರ್ಜಿಸುವುದು ಒಳ್ಳೆಯ ಅಭ್ಯಾಸ.

ತಡ ಮಾಡಬಾರದ ಲಕ್ಷಣಗಳು

ಚಳಿ ಜ್ವರ, ಬೆನ್ನಿನ ಪಕ್ಕದಲ್ಲಿ ನೋವು, ವಾಂತಿ ಇದ್ದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು. ಮೂತ್ರದಲ್ಲಿ ರಕ್ತ ಕಂಡರೂ, ಗರ್ಭಿಣಿಯರಿಗೆ ಸ್ವಲ್ಪ ಉರಿಯಾದರೂ ವೈದ್ಯರಿಗೆ ತೋರಿಸಲೇಬೇಕು.

ಮನೆಯ ತಾಯಿ, ಅಜ್ಜಿ ತಾವಾಗಿ ಹೇಳಲಿಕ್ಕಿಲ್ಲ. ಮನೆಯವರೇ ಕೇಳಬೇಕು.