ಕಟ್ಟನ್ನೇ ಮೇಜಿಗೆ ತನ್ನಿ, ತಾರೀಖು ನೋಡಿ ತನ್ನಿ

ನಾನು ಚಾರ್ಟರ್ಡ್ ಅಕೌಂಟೆಂಟ್. ಪ್ರೋಗ್ರಾಮಿಂಗ್ ನನ್ನ ಕಸುಬಲ್ಲ, ಅಗತ್ಯಕ್ಕೆ ಕಲಿತದ್ದು. ಇಲ್ಲಿನ ತೆರಿಗೆ ಇಲಾಖೆಯ ಪ್ರಾದೇಶಿಕ ಕಚೇರಿ ಇರುವ ಈ ಸ್ಟ್ರಾಟ್‌ಫರ್ಡ್‌ನಲ್ಲೇ ನಿಂತು, ನಾನು ಮಾಡಿದ ಒಂದು ತೆರಿಗೆ ತಪ್ಪಿನ ಬಗ್ಗೆ ಹೇಳುತ್ತೇನೆ.

ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮಾಡುವಾಗ ಒಂದೊಂದು ವೋಚರಿಗೂ ರೆಕಾರ್ಡ್ ರೂಮಿಗೆ ಓಡುತ್ತಿದ್ದೆ. ಸೀನಿಯರ್ ಗದರಿದರು: “ಎಷ್ಟು ಸಲ ಓಡ್ತೀಯಪ್ಪ? ಕಟ್ಟನ್ನೇ ತಂದು ಮೇಜಿನ ಮೇಲಿಡು, ಇಲ್ಲೇ ಆರಿಸ್ಕೊ.” ಡೇಟಾಬೇಸ್ ಅಂದರೆ ಆ ರೆಕಾರ್ಡ್ ರೂಮು, ಮೆಮೊರಿ ಅಂದರೆ ಮೇಜು.

ನಮ್ಮಂಥವರ ಲೆಕ್ಕವನ್ನೇ ತಗೊಳ್ಳಿ. ಊರಿನ ಎನ್‌ಆರ್‌ಒ ಖಾತೆಯ ಬಡ್ಡಿಯನ್ನು ಭಾರತಕ್ಕೆ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಲೆಕ್ಕ ಹಾಕಬೇಕು. ಬ್ರಿಟನ್ನಿಗೆ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ. ಜಮೆಗಳು ಅವೇ, ಜರಡಿ ಎರಡು.

ಇದಕ್ಕೆ ಪೈಥಾನ್‌ನ ಜಾಂಗೊದಲ್ಲಿ ಒಂದು ವರದಿ ಬರೆದೆ. 200 ಗ್ರಾಹಕರು. ‘ಪ್ರಿಫೆಚ್ ರಿಲೇಟೆಡ್’ ಬಳಸಿದ್ದರಿಂದ ಗ್ರಾಹಕರಿಗೊಂದು, ಜಮೆಗಳಿಗೊಂದು, ಒಟ್ಟು ಎರಡೇ ಕ್ವೆರಿ ಅಂದುಕೊಂಡಿದ್ದೆ. ಲಾಗ್ ನೋಡಿದರೆ 402! ಪ್ರತಿ ಗ್ರಾಹಕರ ಜಮೆಗಳ ಮೇಲೆ ಎರಡೆರಡು ಸಲ ‘ಫಿಲ್ಟರ್’ ಕರೆದಿದ್ದೆ. ಅದು ಮೊದಲೇ ತಂದಿಟ್ಟದ್ದನ್ನು ನೋಡುವುದೇ ಇಲ್ಲ, ಮತ್ತೆ ಡೇಟಾಬೇಸಿಗೇ ಹೋಗುತ್ತದೆ. ‘ಆಲ್’ ಎಂದು ಕರೆದರೆ ಮೆಮೊರಿಯಲ್ಲಿರುವ ಪಟ್ಟಿಯೇ ಸಿಗುತ್ತದೆ. ಅದರ ಮೇಲೆ ಮಾಮೂಲಿ ‘ಫಾರ್’, ‘ಇಫ್’ ಓಡಿಸಿ ತಾರೀಖು ನೋಡಿ ಆರಿಸಿದೆ. 402 ಇದ್ದದ್ದು 2ಕ್ಕೆ ಇಳಿಯಿತು.

ತಪ್ಪಾದದ್ದು ಅದರ ನಂತರ. ಮೆಮೊರಿ ಉಳಿಸೋಣವೆಂದು 2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗಿನ ಜಮೆಗಳನ್ನಷ್ಟೇ ತರಿಸಿದೆ. ಬ್ರಿಟನ್ ವರ್ಷದ ಕೊನೆಯ ಐದು ದಿನ ಮೇಜಿಗೆ ಬರಲೇ ಇಲ್ಲ. ಏಪ್ರಿಲ್ 3ರಂದು ಬಡ್ಡಿ ಜಮೆಯಾಗಿದ್ದ ಗ್ರಾಹಕರೊಬ್ಬರ ರಿಟರ್ನ್‌ನಲ್ಲಿ ಆ ಮೊತ್ತ ಬಿಟ್ಟುಹೋಯಿತು. ಯಾವ ಎರರ್ ಕೂಡ ಕಾಣಿಸಲಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟಿಗೆ ಟಿಕ್ ಹಾಕುವಾಗ ಸಿಕ್ಕಿತು, ಅಷ್ಟರಲ್ಲಿ ರಿಟರ್ನ್ ಸಲ್ಲಿಸಿಯಾಗಿತ್ತು. ಅವರಿಗೆ ಫೋನ್ ಮಾಡಿ, ತಪ್ಪು ನನ್ನದೆಂದು ಒಪ್ಪಿಕೊಂಡು, ತಿದ್ದಿದ ರಿಟರ್ನ್ ಕಳಿಸಿದೆ.

ಈಗ ಮೂರು ನಿಯಮ ಇಟ್ಟುಕೊಂಡಿದ್ದೇನೆ. ಒಂದು, ಎರಡೂ ಜರಡಿಗೆ ಸಾಲುವಷ್ಟು ತರಿಸುವುದು: ಆ ವರ್ಷಕ್ಕಾದರೆ 2024ರ ಏಪ್ರಿಲ್ 1ರಿಂದ 2025ರ ಏಪ್ರಿಲ್ 5ರವರೆಗೆ. ಎರಡು, ಆರಿಸಿದ ಮೊತ್ತವನ್ನು ಬ್ಯಾಂಕ್ ಸ್ಟೇಟ್‌ಮೆಂಟಿನ ಮೊತ್ತದೊಂದಿಗೆ ತಾಳೆ ನೋಡುವುದು. ಮೂರು, ದತ್ತಾಂಶ ತಂದ ಸಮಯವನ್ನು ವರದಿಯ ಮೇಲೆ ನಮೂದಿಸುವುದು. ಆಮೇಲೆ ಬಂದ ಜಮೆ ಮೆಮೊರಿಯ ಪ್ರತಿಯಲ್ಲಿ ಇರುವುದಿಲ್ಲ. ಸಾಲುಗಳು ಲಕ್ಷಗಟ್ಟಲೆ ಇದ್ದು ಬೇಕಾದದ್ದು ನಾಲ್ಕೇ ಆದರೆ, ಆರಿಸುವ ಕೆಲಸ ಡೇಟಾಬೇಸಿಗೇ ಬಿಡಿ.

ಆ ಸೀನಿಯರ್ ಇನ್ನೊಂದು ಮಾತನ್ನೂ ಹೇಳಿದ್ದರು: “ಕಟ್ಟಿನ ಮೇಲಿನ ಚೀಟಿಯಲ್ಲಿ ಎಲ್ಲಿಂದ ಎಲ್ಲಿವರೆಗೆ ಅಂತ ತಾರೀಖು ಇರುತ್ತೆ, ನೋಡ್ಕೊಂಡು ತಾ.” ನಾನು ಅರ್ಧ ಮಾತನ್ನಷ್ಟೇ ನೆನಪಿಟ್ಟುಕೊಂಡಿದ್ದೆ. ನೀವು ಪೂರ್ತಿ ನೆನಪಿಟ್ಟುಕೊಳ್ಳಿ.