ಮ್ಯೂಸಿಯಂ ನೋಡಿ ಬಂದ ಮಕ್ಕಳ ಬರ್ತ್‌ಡೇ ಪಾರ್ಟಿ: ಹೊಟೇಲಿನವರು ಗಮನಿಸಬೇಕಾದ ವಿಷಯಗಳು



ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಫ್ಲ್ಯಾಟುಗಳಲ್ಲಿ ಇಪ್ಪತ್ತು ಮಕ್ಕಳನ್ನು ಕರೆದು ಬರ್ತ್‌ಡೇ ಮಾಡಲು ಜಾಗ ಸಾಲದು. ಹಾಗಾಗಿ ತಂದೆತಾಯಿ ನಮ್ಮ ಹೊಟೇಲುಗಳಿಗೆ ಬರುತ್ತಾರೆ. ಈಗ ಅವರಿಗೆ ಬರೀ ಕೇಕ್ ಸಾಲದು, ‘ಥೀಮ್’ ಬೇಕು. ಥೀಮ್ ಎಂದ ಕೂಡಲೇ ನಾವು ಡೆಕೋರೇಷನ್‌ನವರಿಗೆ ಫೋನ್ ಮಾಡುತ್ತೇವೆ. ಲಾಭ ಅವರಿಗೆ ಹೋಗುತ್ತದೆ, ಅಪಾಯ ನಮ್ಮ ಪಾಲಿಗೆ ಉಳಿಯುತ್ತದೆ. ಥೀಮ್ ಗೋಡೆಯ ಮೇಲೆ ಬೇಡ, ತಟ್ಟೆಯಲ್ಲಿರಲಿ ಎಂಬುದು ನಮ್ಮ ಅಭಿಪ್ರಾಯ.

ಬೆಳಿಗ್ಗೆ ಪಾರ್ಸೆಲ್, ಸಂಜೆ ಪಾರ್ಟಿ

ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಮ್ಯೂಸಿಯಂ ತೋರಿಸಿ, ಸಂಜೆ ಕೇಕ್ ಕತ್ತರಿಸುವ ಕಾರ್ಯಕ್ರಮವನ್ನು ನಾವೇ ಗಿರಾಕಿಗೆ ಸೂಚಿಸಬಹುದು. ಬೈಕಲಾದ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ 1872ರಲ್ಲಿ ತೆರೆದದ್ದು, ಮುಂಬಯಿಯಲ್ಲೇ ಹಳೆಯದು. ನಮ್ಮ ಸೆಂಟ್ರಲ್ ಲೈನಿನಲ್ಲೇ ಇದೆ, ಪಕ್ಕದಲ್ಲೇ ರಾಣಿಬಾಗ್. ಎರಡಕ್ಕೂ ಸಾಮಾನ್ಯವಾಗಿ ಬುಧವಾರ ರಜೆ. ಫೋರ್ಟ್‌ನ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿ 2019ರಿಂದ ಮಕ್ಕಳಿಗಾಗಿಯೇ ಒಂದು ಮ್ಯೂಸಿಯಂ ಇದೆ. ವರ್ಲಿಯ ನೆಹರೂ ವಿಜ್ಞಾನ ಕೇಂದ್ರ 1985ರದು.

ಇಂಥ ಕಡೆ ಗ್ಯಾಲರಿಯೊಳಗೆ ತಿಂಡಿ ಒಯ್ಯುವಂತಿಲ್ಲ. ಲೋಕಲಿನಲ್ಲೇ ತಿನ್ನುವಂಥ ಪಾರ್ಸೆಲ್ ಕೊಡಬೇಕು. ತೆಂಗಿನಕಾಯಿ ಚಟ್ನಿ ಬಿಸಿಲಿಗೆ ಹುಳಿಯಾಗುತ್ತದೆ, ಸಾಂಬಾರ್ ಚೆಲ್ಲುತ್ತದೆ. ಚಟ್ನಿಪುಡಿ ಸವರಿದ ಇಡ್ಲಿ, ಚಿತ್ರಾನ್ನ ಸಾಕು. ಸಂಜೆ ನಾಲ್ಕರಿಂದ ಆರೂವರೆಯ ಸಮಯ ಕೊಡಿ. ಆಗ ನಮ್ಮ ಟೇಬಲ್‌ಗಳು ಖಾಲಿ, ರಾತ್ರಿಯ ರಶ್‌ಗೂ ತೊಂದರೆಯಿಲ್ಲ.

ನಮ್ಮ ಊರಿನದೇ ಥೀಮ್

ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಥಾಣೆಗೆ ಬಂತು. 14 ಡಬ್ಬಿ, ಸುಮಾರು 400 ಪ್ರಯಾಣಿಕರು, 34 ಕಿಲೋಮೀಟರ್. ಎಳೆದದ್ದು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಇಂಜಿನ್. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಥೀಮ್ ಬೇಕೆ? ಉದ್ದ ಟೇಬಲಿನ ಮೇಲೆ ಬಾಳೆಲೆ ಹಾಸಿ ಮೂರು ವಡೆಯನ್ನು ಇಂಜಿನ್ ಮಾಡಿ, ಹಿಂದೆ 14 ಸಾಲು ಬಟನ್ ಇಡ್ಲಿ ಜೋಡಿಸಿ. ಆಮಂತ್ರಣವನ್ನು ‘ಬೋರಿ ಬಂದರ್–ಥಾಣೆ’ ಟಿಕೇಟಿನಂತೆ ದಪ್ಪ ಕಾಗದದಲ್ಲಿ ಮಾಡಿಸಿ. ಖರ್ಚು ಅತಿ ಕಡಿಮೆ, ಕೆಲಸ ನಮ್ಮ ಅಡುಗೆಯವರದೇ.

ಕಾನೂನು ಮತ್ತು ಸುರಕ್ಷೆ

2022ರ ಜುಲೈ 1ರಿಂದ ಇಡೀ ದೇಶದಲ್ಲಿ ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮೋಕೋಲ್, ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ನಿಷೇಧ. ಪಾರ್ಟಿಯವರು ತಂದರೂ ಸಿಕ್ಕುವುದು ನಮ್ಮ ಜಾಗದಲ್ಲಿ.

ಗ್ಯಾಸ್ ಬಲೂನ್ ಒಳಗೆ ಬಿಡಬೇಡಿ. ಅದರಲ್ಲಿ ಹೈಡ್ರೋಜನ್ ಇದ್ದರೆ ಮೇಣದ ಬತ್ತಿಯ ಕಿಡಿ ಸಾಕು. 2017ರ ಡಿಸೆಂಬರ್ ಕೊನೆಯಲ್ಲಿ ಮುಂಬಯಿಯ ಕಮಲಾ ಮಿಲ್ಸ್ ಆವರಣದ ರೆಸ್ಟೋರೆಂಟ್‌ಗಳಿಗೆ ಬೆಂಕಿ ಬಿದ್ದು 14 ಮಂದಿ ಸತ್ತರು. ತನ್ನ ಹುಟ್ಟುಹಬ್ಬಕ್ಕೆಂದು ಬಂದಿದ್ದ ಯುವತಿಯೂ ಅವರಲ್ಲಿದ್ದಳು. ಅಲ್ಲಿ ಕಾರಣ ಬಲೂನ್ ಅಲ್ಲ, ಆದರೆ ಬೆಂಕಿ ಹಬ್ಬಲು ಎಷ್ಟು ಹೊತ್ತು ಬೇಕೆಂದು ನಾವೆಲ್ಲ ಅಂದು ಕಂಡೆವು. ಬಟ್ಟೆ, ಪರದೆ ಕಟ್ಟಿ ಹೊರಹೋಗುವ ಬಾಗಿಲು ಮುಚ್ಚಲು ಬಿಡಲೇಬೇಡಿ.

ಬೊಂಬಾಯಿ ಮಿಠಾಯಿಯ ಗಾಢ ಗುಲಾಬಿ ಬಣ್ಣದ ಬಗ್ಗೆಯೂ ಎಚ್ಚರ. ತಿನ್ನುವ ಪದಾರ್ಥಕ್ಕೆ ರೋಡಮೈನ್-ಬಿ ಹಾಕುವಂತಿಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರ ಇದೇ ವಿಷಯದಲ್ಲಿ ಬಿಗಿ ಕ್ರಮ ಕೈಗೊಂಡಿತು. ನೆಲಗಡಲೆ, ಗೋಡಂಬಿ ಆಗದ ಮಕ್ಕಳಿದ್ದಾರೆಯೇ ಎಂದು ಬುಕಿಂಗ್ ದಿನವೇ ಕೇಳಿ ಬರೆದಿಡಿ.

ಲೆಕ್ಕಾಚಾರ

25 ಮಕ್ಕಳು ಎನ್ನುವವರ ಜೊತೆ ಹತ್ತು ಹದಿನೈದು ದೊಡ್ಡವರೂ ಬರುತ್ತಾರೆ. ಮಕ್ಕಳ ಪ್ಲೇಟು, ದೊಡ್ಡವರ ಪ್ಲೇಟು ಎಂದು ಎರಡು ರೇಟ್ ಇಡಿ. ಅರ್ಧ ಹಣ ಮುಂಗಡ ಪಡೆಯಿರಿ. ಹೆಚ್ಚಾದ ಪ್ಲೇಟಿನ ದರ, ಹಾಲ್ ಬಿಡಬೇಕಾದ ಸಮಯ, ಹೊರಗಿನ ಕೇಕ್ ತರಬಹುದೇ ಇಲ್ಲವೇ ಎಂಬುದನ್ನು ಬಿಲ್ ಪುಸ್ತಕದಲ್ಲೇ ಬರೆದು ಸಹಿ ಹಾಕಿಸಿ. ಬಾಯಿಮಾತಿನ ಪಾರ್ಟಿ ಗಲ್ಲಾದ ಎದುರು ಜಗಳದಲ್ಲಿ ಮುಗಿಯುತ್ತದೆ. ಬರೆದಿಟ್ಟರೆ ಅದೇ ಗಿರಾಕಿ ಮುಂದಿನ ವರ್ಷವೂ ನಮ್ಮಲ್ಲಿಗೇ ಬರುತ್ತಾರೆ.