ಹೋರಿ ಓಟದ ವಿಡಿಯೋ ಜೋಪಾನ ಹೇಗೆ?

ದೀಪಾವಳಿ ಬಂತೆಂದರೆ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರ ಕಡೆ ಹೋರಿ ಹಬ್ಬ. ಹೋರಿ ನಮ್ಮ ಮುಂದೆ ಓಡೋದು ಕೆಲವೇ ಸೆಕೆಂಡು. ಅದು ಬರೋತನಕ ಮಾತ್ರ ಮೊಬೈಲ್ ಚಾಲೂ ಇಟ್ಟು ನಿಂತಿರ್ತೀವಿ.

ಲೆಕ್ಕ ನೋಡಿರಿ. ಫುಲ್ ಎಚ್‌ಡಿ ವಿಡಿಯೋ 1 ನಿಮಿಷಕ್ಕೆ ಸುಮಾರು 130 ಎಂಬಿ ಜಾಗ ತಿಂತದ. 10 ನಿಮಿಷಕ್ಕೆ 1300 ಎಂಬಿ! ಹೋರಿ ಕಾಣುವ 20 ಸೆಕೆಂಡು ಮಾತ್ರ ಕತ್ತರಿಸಿ ಇಟ್ಟರೆ 45 ಎಂಬಿಯೊಳಗೆ ಮುಗೀತದ.

ಆ ತುಣುಕಿಗೆ ಊರು, ವರ್ಷ, ಹೋರಿಯ ಹೆಸರು ಕೊಡಿರಿ. ಪೆನ್‌ಡ್ರೈವ್‌ಗೆ ಹಾಕಿ, ಅಲ್ಲಿ ಕೊನೆತನಕ ಓಡ್ತದೋ ಇಲ್ಲೋ ನೋಡಿರಿ. ಆಮೇಲಷ್ಟೇ ಮೊಬೈಲಿನ ದೊಡ್ಡ ವಿಡಿಯೋ ಅಳಿಸಿರಿ. ವಾಟ್ಸಪ್‌ನಾಗ ಐತಲ್ಲಾ ಅಂತ ಸುಮ್ಮನಿರಬೇಡಿರಿ; ಅಲ್ಲಿ ಸಾಮಾನ್ಯವಾಗಿ ವಿಡಿಯೋ ಕುಗ್ಗಿ ಮಸುಕಾಗ್ತದ.

ಹೋರಿಗೆ ವಯಸ್ಸಾದ ಮೇಲೆ ಆ ಓಟ ಮತ್ತೆ ಸಿಗದು. ಇಟ್ಟುಕೊಂಡ ತುಣುಕೇ ನೆನಪು.